ಹೊಳಲೂರು ಕಡೆಯ ಹುರುಳಿ

ಹೊಳಲೂರಿನವರು ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ಅವರ ಊರಿನಲ್ಲಿ ಯಾವತ್ತೂ ಇಲ್ಲದ ಒಂದು ಅಡುಗೆಯನ್ನು ನಾನು ಅವರ ತಲೆಗೆ ಕಟ್ಟಿದ್ದೇನೆ. ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ಮನೆಯಲ್ಲಿ ಕೂರಲಾಗದೆ, ಶಿವಮೊಗ್ಗದ ಬಸ್ ಸ್ಟ್ಯಾಂಡಿಗೆ ಹೋಗಿ ಮುಂದೆ ನಿಂತ ಬಸ್ಸು ಹತ್ತಿ, ಊರೂರು ಅಲೆದು, ಕಂಡವರ ಅಡುಗೆಮನೆಯಲ್ಲಿ ಕೂತು ಉಂಡು, ಉಂಡದ್ದನ್ನು ಬರೆಯುವ ಚಟ ಹತ್ತಿಸಿಕೊಂಡವಳು ನಾನು. ಸಾಗರದ ಕಡೆ ತೊಡದೇವು ಮಾಡುವವರ ಒಲೆಯ ಪಕ್ಕ ಕೂತು ಕಣ್ಣುರಿಸಿಕೊಂಡಿದ್ದೇನೆ, ತೀರ್ಥಹಳ್ಳಿ ಕಡೆ ಕಳಲೆ ಹೆಚ್ಚಿಕೊಟ್ಟಿದ್ದೇನೆ. ಎಲ್ಲಿ ಹೋದರೂ ನನ್ನ ಮೊದಲ ಪ್ರಶ್ನೆ, ಇದನ್ನು ನಿಮಗೆ ಕಲಿಸಿದ್ದು ಯಾರು? ಅತ್ತೆಯೋ, ಅಮ್ಮನೋ, ಪಕ್ಕದ ಮನೆಯವಳೋ, ಹೆಸರು ಹೇಳುವವರೆಗೆ ಬಿಡುತ್ತಿರಲಿಲ್ಲ. ಮಾಡಿದವರ ಹೆಸರು ಹಾಕದೆ ಒಂದು ಚಟ್ನಿಯನ್ನೂ ಅಚ್ಚಿಗೆ ಕೊಟ್ಟವಳಲ್ಲ ಎಂದು ಸಭೆಗಳಲ್ಲಿ ಜಂಬ ಕೊಚ್ಚಿಕೊಂಡದ್ದೂ ಉಂಟು. ಹಾಗೆ ಹೇಳುವಾಗ ನನ್ನ ನಾಲಿಗೆ ಒಂದು ಸಲವೂ ತಡವರಿಸಲಿಲ್ಲ. ಆದರೆ ನಾನು ಬರೆದ ಪುಸ್ತಕದ ಮೊಟ್ಟಮೊದಲ ಅಡುಗೆಯಲ್ಲೇ ನಾನು ಒಬ್ಬಳ ಹೆಸರು ನುಂಗಿದ್ದೆ. ಅದು ನಮ್ಮ ಮನೆಯದೇ ಅಡುಗೆ, ನಮ್ಮಜ್ಜಿ ತವರಿನಿಂದ ತಂದದ್ದು ಎಂದು ಬರೆದಿದ್ದೆ. ಆ ಮನೆಯ ಕತೆ ಹೇಳದೆ ಈ ಸುಳ್ಳು ಎಲ್ಲಿ ಬೇರು ಬಿಟ್ಟಿತು ಎಂದು ತೋರಿಸಲಾರೆ.

ನಮ್ಮ ಮನೆ ಇದ್ದದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಅಗಲ ಕಡಿಮೆ, ಉದ್ದ ಜಾಸ್ತಿ. ಮುಂದೆ ಪಡಸಾಲೆ, ಆಮೇಲೆ ಹಗಲಲ್ಲೂ ದೀಪ ಬೇಕಾಗುವ ನಡುಮನೆ, ಅದರ ಮೂಲೆಯಲ್ಲಿ ಅಜ್ಜಿ ಲಿಂಗಪೂಜೆಗೆ ಕೂರುವ ಮಣೆ, ಅದನ್ನು ದಾಟಿದರೆ ಅಡುಗೆಮನೆ, ಕೊನೆಗೆ ಬಾವಿ ಮತ್ತು ಬಟ್ಟೆ ಒಗೆಯುವ ಕಲ್ಲು ಇದ್ದ ಹಿತ್ತಲು. ಹಿತ್ತಲ ಗೋಡೆಯ ಆಚೆ ಬಾಡಿಗೆ ಮನೆಗಳ ಒಂದು ಸಾಲು. ಅಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಬಂದ ತಮಿಳಿನವರು, ತೆಲುಗಿನವರು ಇದ್ದರು. ಸೈರನ್ ಕೂಗಿದರೆ ಆ ಸಾಲಿನ ಬಾಗಿಲುಗಳೆಲ್ಲ ಒಟ್ಟಿಗೆ ತೆರೆಯುತ್ತಿದ್ದವು. ನಮ್ಮ ಗೋಡೆಯಲ್ಲಿ ಒಂದು ಸಣ್ಣ ಬಾಗಿಲಿತ್ತು, ಅದಕ್ಕೆ ಸದಾ ಅಗಳಿ. ಅಗಳಿ ತೆಗೆದದ್ದು ನನಗೆ ಒಂಬತ್ತು ವರ್ಷವಿದ್ದಾಗ. ಅವ್ವ ತಮ್ಮನನ್ನು ಹೆರಲು ತವರಿಗೆ ಹೋಗಿ, ಹೆರಿಗೆ ಕಷ್ಟವಾಗಿ, ಆರೇಳು ತಿಂಗಳು ಅಲ್ಲೇ ಉಳಿದಳು. ಮನೆಯಲ್ಲಿ ಉಳಿದವರು ಅಜ್ಜಿ, ಅಪ್ಪ, ನಾನು. ಅಪ್ಪನಿಗೆ ಬಜಾರಿನಲ್ಲಿ ಬಟ್ಟೆ ಅಂಗಡಿ. ಅವನಿಗೆ ಒಲೆ ಹಚ್ಚಲೂ ಬರುತ್ತಿರಲಿಲ್ಲ. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ. ಒಂದು ದಿನ ಸಾರಿಗೆ ಉಪ್ಪೆಂದು ರಂಗೋಲಿ ಪುಡಿ ಹಾಕಿದಳು. ಅಪ್ಪ ಬಾಯಿಗಿಟ್ಟ ತುತ್ತನ್ನು ಉಗಿದು, ಎದ್ದು ಹೋಗಿ ಹಿತ್ತಲ ಬಾಗಿಲಿನ ಅಗಳಿ ತೆಗೆದ.

ಆ ಬಾಗಿಲಿನಿಂದ ಬಂದವಳು ಪಾಪತಿ. ಸೇಲಂ ಕಡೆಯ ಹಳ್ಳಿಯವಳು, ಗಂಡ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ಕೆಲಸ ಮಾಡುತ್ತಿದ್ದ. ಇಪ್ಪತ್ತೈದರ ಒಳಗಿನ ಪ್ರಾಯ, ಮೂಗಿನ ಎರಡೂ ಕಡೆ ಬೊಟ್ಟು, ನಗಲು ಕಾರಣ ಬೇಡದ ಬಾಯಿ. ಅಜ್ಜಿ ಹೆಸರು ಕೇಳಿದವಳೇ ಹುಬ್ಬು ಗಂಟಿಕ್ಕಿದಳು.

"ಅದೇನ್ ಹೆಸರೇ ಮಾರಾಯ್ತಿ, ಹೆಸರಲ್ಲೇ ಪಾಪ ಇಟ್ಕೊಂಡಿದೀಯಲ್ಲ!"

"ಪಾಪ ಅಲ್ಲ ದೊಡ್ಡಮ್ಮಾ, ನಮ್ ಕಡೆ ಚಿಟ್ಟೇಗೆ ಹಂಗಂತಾರೆ."

"ಚಿಟ್ಟೆಯಂತೆ! ಒಳಗೆ ಹಾರಿ ಬಂದೀಯ ಮತ್ತೆ. ಅಲ್ಲೇ ಇರು."

ಅಲ್ಲೇ ಎಂದರೆ ಹಿತ್ತಲಲ್ಲೇ. ಮಾಂಸ ತಿನ್ನುವ ಕೈ ನಮ್ಮ ಅಡುಗೆಮನೆಯ ಹೊಸಿಲು ದಾಟಬಾರದು. ಆದರೆ ಹಸಿವು ದೊಡ್ಡದು. ಅಜ್ಜಿ ಅದಕ್ಕೆ ತಾನೇ ಒಂದು ಉಪಾಯ ಹುಡುಕಿದಳು. ಬಾವಿಕಟ್ಟೆಯ ಪಕ್ಕ ಮೂರು ಕಲ್ಲಿಟ್ಟು ಒಲೆ. ಪಾತ್ರೆ ನಮ್ಮದು, ದಿನಸಿ ನಮ್ಮದು, ನೀರು ನಮ್ಮ ಬಾವಿಯದು, ಕೈ ಮಾತ್ರ ಪಾಪತಿಯದು. ಅಡುಗೆಯಾದ ಮೇಲೆ ಅವಳು ಪಾತ್ರೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಹಿಂದೆ ಸರಿಯಬೇಕು. ನಾನು ಹೋಗಿ ಪಾತ್ರೆಯ ಹೊಟ್ಟೆಗೆ ಮೂರು ಬೆರಳಿನಿಂದ ವಿಭೂತಿ ಎಳೆಯಬೇಕು. ವಿಭೂತಿ ಹಚ್ಚಿದರೆ ಪಾತ್ರೆ ನಮ್ಮದಾಯಿತು, ಒಳಗಿದ್ದ ಅಡುಗೆಯೂ ನಮ್ಮದಾಯಿತು. ಇಂಥ ಶಾಸ್ತ್ರ ಬೇರೆ ಯಾರ ಮನೆಯಲ್ಲೂ ನಾನು ಕಂಡಿಲ್ಲ, ಯಾವ ಸ್ವಾಮಿಗಳೂ ಹೇಳಿಕೊಟ್ಟದ್ದಲ್ಲ. ಅಜ್ಜಿಗೆ ಕಣ್ಣು ಕಾಣದ ಕಾರಣ ಆ ಕೆಲಸ ನನ್ನದು. ನನಗೋ ಭಾರಿ ಗತ್ತು. ಗೆರೆ ವಕ್ರವಾಗದಂತೆ ನಾಲಿಗೆ ಕಚ್ಚಿಕೊಂಡು ಎಳೆಯುತ್ತಿದ್ದೆ. ಪಾಪತಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿ ನಗುತ್ತಿದ್ದಳು.

"ನಂಗೂ ಹಚ್ಚು ಕಣ್ಣು, ನಾನೂ ಒಳಗ್ ಬರ್ತೀನಿ."

ಅವಳು ನನ್ನನ್ನು ಕರೆಯುತ್ತಿದ್ದುದು ಕಣ್ಣು ಎಂದೇ. ಅಜ್ಜಿಗೆ ಅದೂ ಉರಿ. "ಕಣ್ಣು ಕಾಣ್ದೆ ಒದ್ದಾಡ್ತಿರೋಳು ನಾನು, ಇವಳು ಕಣ್ಣು ಅನ್ನೋದು ಆ ಕೋತೀನ" ಎನ್ನುತ್ತಿದ್ದಳು. ನಾನು ಪಾಪತಕ್ಕನಿಗೆ ವಿಭೂತಿ ಹಚ್ಚಲಿಲ್ಲ. ತಮಾಷೆಗಾದರೂ ಒಂದು ಗೆರೆ ಎಳೆಯಬಹುದಿತ್ತು. ಕೈ ಮುಂದೆ ಹೋಗಲಿಲ್ಲ. ಒಂಬತ್ತು ವರ್ಷಕ್ಕೇ ನನಗೆ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದು ಅಚ್ಚುಕಟ್ಟಾಗಿ ಗೊತ್ತಾಗಿತ್ತು.

ಹುರುಳಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಹುರುಳಿ ಬೇಯಿಸಿದರೆ ಕಟ್ಟು ಬಸಿದು ಸಾರು ಮಾಡುವುದು, ಬೆಂದ ಕಾಳನ್ನು ಎದುರುಮನೆಯ ಎಮ್ಮೆಗೆ ಹಾಕುವುದು. ಮೊದಲ ಸಲ ಅದನ್ನು ನೋಡಿದ ಪಾಪತಕ್ಕ ಕಾಳಿನ ಬುಟ್ಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ನೀರು ಮನ್ಷರಿಗೆ, ಕಾಳು ಎಮ್ಮೇಗಾ? ಚೆನ್ನಾಗಿದೆ ನಿಮ್ ನ್ಯಾಯ!"

ಬಾಣಲೆಯಲ್ಲಿ ಎಣ್ಣೆ ಬಿಟ್ಟು, ಒಣಮೆಣಸು, ಕೊತ್ತಂಬರಿ ಬೀಜ, ಜೀರಿಗೆ, ಒಂದು ಹಿಡಿ ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಕರಿಬೇವು ಹುರಿದು, ಬೆಂದ ಕಾಳಿನ ಜೊತೆ ಮಣ್ಣಿನ ಚಟ್ಟಿಗೆ ಸುರಿದು, ತಲೆ ದುಂಡಗಿದ್ದ ಒಂದು ಮರದ ಕೋಲಿನಿಂದ ಕಡೆಯತೊಡಗಿದಳು. ನಾವು ಮೊಸರು ಕಡೆಯುವ ಹಾಗೆ ಅವಳು ಕಾಳು ಕಡೆದಳು. ಪೂರ್ತಿ ನುಣ್ಣಗಾಗಬಾರದು, ಅಲ್ಲಲ್ಲಿ ಕಾಳು ಹಲ್ಲಿಗೆ ಸಿಗಬೇಕು. ಬಿಸಿ ಅನ್ನಕ್ಕೆ ಕಲಸಿ ಉಂಡ ಅಪ್ಪ ಮೂರನೇ ಸಲ ಅನ್ನ ಹಾಕಿಸಿಕೊಂಡ. ಅವಳ ಮಾತಿನಲ್ಲಿ ಹುರುಳಿಗೆ ಕೊಳ್ಳು, ಕಡೆದದ್ದಕ್ಕೆ ಕಡಸಲು. ನನ್ನ ಬಾಯಿಗೆ ಅಷ್ಟುದ್ದ ಬರಲಿಲ್ಲ, ಎರಡನ್ನೂ ಸೇರಿಸಿ ಗಿಡ್ಡ ಮಾಡಿ "ಕೊಳ್ ಕಡೆ" ಎಂದೆ. ಮನೆಯಲ್ಲೂ ಹಿತ್ತಲಲ್ಲೂ ಅದೇ ಹೆಸರು ನಿಂತಿತು. ಅಜ್ಜಿ ಮಾತ್ರ ಪಾತ್ರೆ ಒಳಗೆ ಬಂದ ಮೇಲೆ ಒಂದು ತುಂಡು ಬೆಲ್ಲ ಹಾಕಿ ತಿರುವುತ್ತಿದ್ದಳು. ಅದೂ ಒಂದು ಬಗೆಯ ವಿಭೂತಿಯೇ. ಪಾಪತಕ್ಕನ ಪಾಲನ್ನು ಬಟ್ಟಲಿಗೆ ಹಾಕಿ ಹಿತ್ತಲಿಗೆ ಕಳಿಸಿದರೆ ಅವಳು ನೆಕ್ಕಿ ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಅಯ್ಯೋ ದೊಡ್ಡಮ್ಮಾ, ಕೊಳ್ಳಿಗೆ ಬೆಲ್ಲನಾ? ನಮ್ ಊರಲ್ಲಿ ಕಂಡ್ರೆ ಕೋಲ್ ತಗೊಂಡ್ ಬರ್ತಾರೆ. ಪ್ರಪಂಚದಲ್ಲಿ ನೀವೊಬ್ರೇ ಹಿಂಗ್ ಮಾಡೋದು."

ಅಷ್ಟರಲ್ಲಿ ಚಿಕ್ಕಪ್ಪನಿಗೆ ಒಂದು ಸಂಬಂಧ ಕೂಡಿಬಂತು. ಅವನು ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಕೆಲಸದಲ್ಲಿದ್ದ. ಹೆಣ್ಣು ನೋಡಿ ಬಂದಾಗಿತ್ತು. ಇನ್ನು ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬರಬೇಕು. ಮನೆ ನೋಡುವುದೆಂದರೆ ಗೋಡೆ ನೋಡುವುದಲ್ಲ. ಒಲೆ ನೋಡುತ್ತಾರೆ, ಪೂಜೆಯ ಮೂಲೆ ನೋಡುತ್ತಾರೆ, ಯಾರ ಕೈಯಲ್ಲಿ ನೀರು ಕುಡಿಯುತ್ತೀರಿ ಎಂದು ಬಾಯಿಬಿಟ್ಟು ಕೇಳದೆ ತಿಳಿದುಕೊಳ್ಳುತ್ತಾರೆ. ಅಜ್ಜಿ ಹಿಂದಿನ ದಿನವೇ ಪಾಪತಕ್ಕನನ್ನು ಕರೆದು, ಬೆಳಗಿನ ಸೈರನ್ನಿಗೆ ಮುಂಚೆ ಬಂದು ಅಡುಗೆ ಮುಗಿಸಿ ಹೋಗಬೇಕು, ನೆಂಟರು ಇರುವಾಗ ಈ ಕಡೆ ತಲೆ ಹಾಕಬಾರದು ಎಂದಳು. ಒಲೆಯ ಮೂರು ಕಲ್ಲುಗಳನ್ನು ಗೋಡೆಗೆ ಒರಗಿಸಿ, ಬೂದಿ ಗುಡಿಸಿ, ನೀರು ಹಾಕಿ ತೊಳೆದವಳು ನಾನು.

ಆರು ಜನ ಬಂದರು. ಮಾತಾಡುವವಳು ಹೆಣ್ಣಿನ ತಾಯಿ ಒಬ್ಬಳೇ. ಪಂಕ್ತಿಯಲ್ಲಿ ಹೋಳಿಗೆ ಇತ್ತು, ಕೋಸಂಬರಿ ಇತ್ತು. ಆಕೆ ಕೇಳಿ ಕೇಳಿ ಹಾಕಿಸಿಕೊಂಡದ್ದು ಹುರುಳಿಯನ್ನು.

"ಏನಿದು ಇಷ್ಟು ರುಚಿ? ಏ ಪುಟ್ಟಿ, ಏನಂತೀರೇ ಇದಕ್ಕೆ?"

ನಾನು ಏನೂ ಯೋಚಿಸದೆ "ಕೊಳ್ ಕಡೆ" ಎಂದುಬಿಟ್ಟೆ. ಅಜ್ಜಿಯ ಕೈಯಲ್ಲಿದ್ದ ಸೌಟು ನಿಂತಿತು.

"ಏನು, ಹೊಳಲೂರ್ ಕಡೇದಾ?"

ಅಜ್ಜಿಯ ತವರು ಹೊಳಲೂರು. ದೇವರೇ ಬಂದು ಕೈ ಹಿಡಿದ ಹಾಗಾಯಿತು ಅವಳಿಗೆ.

"ಹೂಂ ಕಣಮ್ಮ, ನಮ್ ತವರಿನ ಕಡೇದು. ಇಲ್ಲಿ ಯಾರಿಗೂ ಬರಲ್ಲ. ನಾನೇ ಮಾಡಿದ್ದು."

"ಈ ಕಣ್ಣಲ್ಲಿ ನೀವೇ ಮಾಡಿದ್ರಾ! ಹೌದೇನೇ ಪುಟ್ಟಿ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕೂತಿದ್ದ ಜಾಗದಿಂದ ಅಡುಗೆಮನೆ ದಾಟಿ ಹಿತ್ತಲ ಬಾಗಿಲು ಕಾಣುತ್ತಿತ್ತು. ಅಲ್ಲಿ ಪಾಪತಕ್ಕ ನಿಂತಿದ್ದಳು. ತನ್ನ ಕಡೆಯುವ ಕೋಲನ್ನು ಮರೆತು ಹೋಗಿದ್ದಳೆಂದು ಕಾಣುತ್ತದೆ, ತೆಗೆದುಕೊಳ್ಳಲು ಬಂದಿದ್ದಳು. ಕೋಲು ಕೈಯಲ್ಲಿತ್ತು. ತನ್ನ ಅಡುಗೆಯನ್ನು ಹೊಗಳುತ್ತಿದ್ದಾರೆಂದು ತಿಳಿದು ಮುಖವೆಲ್ಲ ಹಲ್ಲಾಗಿತ್ತು. ಅವಳನ್ನು ನೋಡಿಕೊಂಡೇ ನಾನು ಹೇಳಿದೆ.

"ಹೌದು, ಅಜ್ಜಿನೇ ಮಾಡಿದ್ದು. ಬೆಳ್ಳುಳ್ಳಿ ನಾನೇ ಸುಲಿದುಕೊಟ್ಟೆ."

ಬೆಳ್ಳುಳ್ಳಿಯ ಮಾತನ್ನು ಯಾರೂ ಕೇಳಿರಲಿಲ್ಲ. ಸುಳ್ಳು ಅಜ್ಜಿಯದಿರಬಹುದು, ಒಗ್ಗರಣೆ ನನ್ನದು. ಅಜ್ಜಿಗಾದರೂ ಮಗನ ಮದುವೆಯ ಚಿಂತೆಯಿತ್ತು. ನನಗೇನಿತ್ತು? ಪಂಕ್ತಿಯ ಎದುರು ಜಾಣೆ ಅನ್ನಿಸಿಕೊಳ್ಳುವ ಆಸೆ, ಅಷ್ಟೇ. ಹೆಣ್ಣಿನ ತಾಯಿ ನನ್ನ ಗಲ್ಲ ಹಿಂಡಿದಳು. ಮತ್ತೆ ನೋಡಿದಾಗ ಹಿತ್ತಲ ಬಾಗಿಲಲ್ಲಿ ಯಾರೂ ಇರಲಿಲ್ಲ.

ಮಾರನೆಯ ದಿನ ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಮೂರು ಕಲ್ಲುಗಳನ್ನು ತಾನೇ ಎಳೆದು ತಂದು ಒಲೆ ಹೂಡಿದಳು. ನಾನು ಬಾವಿಕಟ್ಟೆಯ ಹತ್ತಿರ ತಲೆ ತಗ್ಗಿಸಿ ನಿಂತಿದ್ದೆ.

"ಹೊಳಲೂರು ಎಲ್ಲಿದೆ ಕಣ್ಣು? ಆ ಕಡೆ ಬಸ್ ಕೂಡ ಹತ್ತಿಲ್ಲ ನಾನು."

ನನಗೆ ಅಳು ಬಂತು. ಅವಳು ಸೆರಗಿನಲ್ಲಿ ನನ್ನ ಮೂಗು ಒರೆಸಿದಳು.

"ಅಳ್ಬೇಡ. ನಂದು ಅಂದಿದ್ರೆ ಅವ್ರು ಎಲೆ ಬಿಟ್ಟು ಏಳ್ತಿದ್ರು, ನಂಗೊತ್ತಿಲ್ವಾ? ಈಗ್ ಬೇಡ. ದೊಡ್ಡೋಳಾದ್ಮೇಲೆ ಒಂದ್ ಸಲ ಹೇಳು, ಇದು ಪಾಪತಿ ಮಾಡಿದ್ದು ಅಂತ. ಹೇಳ್ತೀಯಾ?"

"ಹೇಳ್ತೀನಿ."

"ಯಾರಾಣೆ?"

"ನಿನ್ನಾಣೆ."

ಅವ್ವ ಕೂಸಿನೊಡನೆ ವಾಪಸು ಬಂದ ಮೇಲೆ ಹಿತ್ತಲ ಬಾಗಿಲಿಗೆ ಮತ್ತೆ ಅಗಳಿ ಬಿತ್ತು. ಚಿಕ್ಕಪ್ಪನ ಮದುವೆಯಾಯಿತು. ಬಂದ ಚಿಕ್ಕಮ್ಮ ಅಜ್ಜಿಯ ಹತ್ತಿರ ಕೂತು, ಬೆಲ್ಲದ ಸಮೇತ, ಹೊಳಲೂರು ಕಡೆಯ ಹುರುಳಿ ಕಲಿತಳು. ಮುಂದೆ ಆ ಬಾಡಿಗೆ ಸಾಲು ಖಾಲಿಯಾಯಿತು. ಪಾಪತಕ್ಕ ಯಾವ ಕಡೆ ಹೋದಳೆಂದು ನಾನು ವಿಚಾರಿಸಲೂ ಇಲ್ಲ. ಪುಸ್ತಕ ಬರೆಯುವಾಗ ಮೊದಲ ಅಡುಗೆ ನಮ್ಮ ಮನೆಯದೇ ಇರಲಿ ಎಂದು ಪ್ರಕಾಶಕರು ಹೇಳಿದರು. ನೆನಪಿರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಪೆನ್ನು ಹಿಡಿದಾಗ ಮೊದಲು ಬಂದದ್ದು ಹಿತ್ತಲ ಬಾಗಿಲಿನಲ್ಲಿ ಕೋಲು ಹಿಡಿದು ನಿಂತ ಅವಳ ಮುಖವೇ. ಆದರೆ ಚಿಕ್ಕಮ್ಮ ಓದುತ್ತಾಳೆ, ನೆಂಟರು ಓದುತ್ತಾರೆ, ಮನೆ ನೋಡಲು ಬಂದವರಿಗೆ ಹೇಳಿದ್ದು ಸುಳ್ಳೆಂದಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನನ್ನ ಅಜ್ಜಿಯಿಂದ ನನಗೆ ಬಂದ ಒಂದು ರುಚಿ ಎಂದು ಬರೆಯುವುದು ನನಗೆ ಬೇಕಾಗಿತ್ತು. ಬರೆದೆ. ಪುಸ್ತಕದಲ್ಲಿ ಹುರುಳಿ ಇತ್ತು, ಹುರುಳಿರಲಿಲ್ಲ. ಓದಿದವರು ಭಾನುವಾರ ಗಾಡಿ ಹತ್ತಿ ಹೊಳಲೂರಿಗೆ ಹೋಗಿ ಕೇಳತೊಡಗಿದರು. ಕೇಳುವವರಿದ್ದ ಮೇಲೆ ಮಾಡುವವರು ಹುಟ್ಟಿಕೊಂಡರು. ಊರು ದಾಟಿ ರಸ್ತೆಯ ಬದಿಗೆ ಒಂದು ಖಾನಾವಳಿಯೇ ಶುರುವಾಯಿತು.

ಹೋದ ವರ್ಷ ಶಿವಮೊಗ್ಗದ ಪಕ್ಕದ ಮಲವಗೊಪ್ಪದಿಂದ ಫೋನು ಬಂತು. ಸೆಲ್ವಿ ಎಂಬಾಕೆ ಮಾತಾಡಿದಳು.

"ಓಲ್ಡ್ ಟೌನ್ ಪುಟ್ಟಿ ಅಂದ್ರೆ ನೀವೇನಾ ಮೇಡಂ? ನಮ್ಮಮ್ಮ ಪಾಪತಿ. ನಿಮ್ಮ ಪುಸ್ತಕದ ವಿಷ್ಯ ಹೇಳ್ದೆ. ನಿಮ್ಮನ್ನ ನೋಡ್ಲೇಬೇಕಂತೆ."

ಮೂರು ದಿನ ನಿದ್ದೆ ಬರಲಿಲ್ಲ. ಬೈದರೆ ಬೈಸಿಕೊಳ್ಳುತ್ತೇನೆ, ಕಾಲಿಗೆ ಬೀಳುತ್ತೇನೆ ಎಂದುಕೊಂಡು ಹೋದೆ. ಪಾಪತಕ್ಕ ಬಾಗಿಲಲ್ಲೇ ಕೂತಿದ್ದಳು. ರೇಷ್ಮೆ ಸೀರೆ ಉಟ್ಟಿದ್ದಳು, ಮಡಿಲಲ್ಲಿ ಒಂದು ಚೀಲ, ಅದರಲ್ಲಿ ಬಾಳೆಹಣ್ಣು, ಮಲ್ಲಿಗೆ ಹೂವು. ಹಲ್ಲು ಹೋಗಿದ್ದರೂ ನಗು ಹಾಗೇ ಇತ್ತು.

"ಬಂದ್ಯಾ ಕಣ್ಣು! ನಡಿ, ಹೊಳಲೂರಿಗೆ ಹೋಗಣ."

"ಹೊಳಲೂರಿಗಾ? ಯಾಕಕ್ಕ?"

"ಅಲ್ಲಿ ಕೊಳ್ಳು ಕಡೀತಾರಂತಲ್ಲ, ಸೆಲ್ವಿ ಹೇಳಿದ್ಳು. ಅವತ್ತು ನೀವು ಸುಳ್ ಹೇಳಿದ್ರಿ ಅಂದ್ಕೊಂಡಿದ್ದೆ, ತಪ್ಪು ನಂದೇ. ನಿಜವಾಗ್ಲೂ ಅಲ್ಲಿ ಮಾಡ್ತಾರೆ! ಅಂದ್ರೆ ನಮ್ ಊರ್ ಕಡೆಯೋರು ಯಾರೋ ಹಿಂದೆ ಬಂದು ಅಲ್ಲಿ ಸೇರ್ಕೊಂಡಿರ್ಬೇಕು. ಇಲ್ಲಿ ಇದ್ದೋರೆಲ್ಲ ಹೊರಟ್ಹೋದ್ರು ಕಣ್ಣು, ಮಾತಾಡಕ್ಕೆ ನಮ್ಮೋರು ಒಬ್ರಿಲ್ಲ. ನೀನು ಊರೂರು ತಿರುಗೋಳು, ನನ್ನ ಕರ್ಕೊಂಡ್ ಹೋಗು."

ಅದೆಲ್ಲ ನನ್ನ ಪುಸ್ತಕದಿಂದ ಹುಟ್ಟಿದ್ದೆಂದು ಆ ಹೊಸಿಲಲ್ಲೇ ಹೇಳಬಹುದಿತ್ತು. ಬದಲು ಆಕೆಯನ್ನು ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ತುಂಗೆಯ ಸೇತುವೆ ದಾಟಿದ ಮೇಲೆ ಹೇಳೋಣ ಎಂದುಕೊಂಡೆ, ದಾಟಿತು. ಪೇಟೆ ಮುಗಿಯಲಿ ಎಂದುಕೊಂಡೆ, ಮುಗಿಯಿತು. ಆಕೆ ದಾರಿಯುದ್ದಕ್ಕೂ ತಾನು ಯಾರ ಯಾರ ಹೆಸರು ಹೇಳಿ ಗುರುತು ಹಿಡಿಸಬೇಕು ಎಂದು ಬೆರಳು ಮಡಿಸುತ್ತಿದ್ದಳು. ಯಾರದೋ ಬಾಯಿಂದ ತಾನೇ ತಿಳಿಯಲಿ ಎಂದು ಕಾಯುವ ನನ್ನ ಹೇಡಿತನ ಅರವತ್ತು ದಾಟಿದರೂ ಹೋಗಿರಲಿಲ್ಲ.

ಖಾನಾವಳಿಯ ಹೆಂಗಸು ನನ್ನ ಗುರುತು ಹಿಡಿದು ಓಡಿ ಬಂದಳು. ಪಾಪತಕ್ಕ ಆಕೆಯ ಎರಡೂ ಕೈ ಹಿಡಿದುಕೊಂಡು ತಮಿಳಿನಲ್ಲಿ ಯಾವ ಊರಮ್ಮ ಎಂದು ಕೇಳಿದಳು. ಆ ಹೆಂಗಸು ನನ್ನ ಮುಖ ನೋಡಿದಳು.

"ಏನಂತಾರೆ ಮೇಡಂ ಈ ಅಜ್ಜಿ?"

ಪಾಪತಕ್ಕ ಇನ್ನೊಂದು ಸಲ, ನಿಧಾನವಾಗಿ ಕೇಳಿದಳು. ಆಮೇಲೆ ಕೈ ಬಿಟ್ಟು ಬೆಂಚಿನ ಮೇಲೆ ಕೂತಳು. ಎಲೆ ಹಾಕಿದರು, ಅನ್ನ ಬಂತು, ಹುರುಳಿ ಬಂತು. ಪಾಪತಕ್ಕ ಒಂದು ತುತ್ತು ಬಾಯಿಗಿಟ್ಟು ಆಡಿಸಿದಳು. ಆಡಿಸುವುದು ನಿಂತಿತು. ನುಂಗಿ, ಇನ್ನೊಂದು ತುತ್ತು ಬರೀ ಹುರುಳಿಯನ್ನೇ ನೆಕ್ಕಿ ನೋಡಿದಳು.

"ಬೆಲ್ಲ" ಎಂದಳು.

ಆಮೇಲೆ ನನ್ನ ಕಡೆ ತಿರುಗಿದಳು.

"ಇಲ್ಲಿ ನಮ್ಮೋರು ಯಾರೂ ಇಲ್ಲ ಕಣ್ಣು. ನಿಮ್ಮಜ್ಜಿ ಒಬ್ರೇ ಇದಾರೆ."

ಗೋಡೆಯ ಮೇಲೆ ನನ್ನ ಪುಸ್ತಕದ ಪುಟವೊಂದಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಪುಟದ ಮೇಲೆ ನನ್ನ ಫೋಟೋ. ಪಾಪತಕ್ಕನಿಗೆ ಕನ್ನಡ ಓದಲು ಬರುವುದಿಲ್ಲ. ಎಂಜಲು ಕೈಯಿಂದಲೇ ಅದನ್ನು ತೋರಿಸಿದಳು.

"ಏನ್ ಬರ್ದಿದೀಯ? ಓದು."

ಎದ್ದು ನಿಂತೆ. ಅಕ್ಷರಗಳೆಲ್ಲ ನನ್ನವೇ. ಓದತೊಡಗಿದೆ.

"ಈ ಹುರುಳಿಯನ್ನು ನಮ್ಮ ಮನೆಗೆ ತಂದವಳು ಪಾಪತಿ. ಓಲ್ಡ್ ಟೌನಿನ ನಮ್ಮ ಹಿತ್ತಲಿನಲ್ಲಿ..."

"ಅಯ್ಯೋ, ಹಂಗಿಲ್ಲ ಮೇಡಂ ಅಲ್ಲಿ!" ಖಾನಾವಳಿಯ ಹೆಂಗಸು ನಗುತ್ತ ಅಡ್ಡ ಬಂದಳು. ನೀರಿನ ಜಗ್ಗು ಹಿಡಿದುಕೊಂಡೇ, ಕಣ್ಣು ಮುಚ್ಚಿ, ಶಾಲೆಯ ಮಗು ಪದ್ಯ ಒಪ್ಪಿಸಿದ ಹಾಗೆ ಒಪ್ಪಿಸಿದಳು. "ಈ ಹುರುಳಿಯನ್ನು ನಮ್ಮ ಮನೆಗೆ ತಂದವಳು ನನ್ನ ಅಜ್ಜಿ. ಹೊಳಲೂರಿನ ತನ್ನ ತವರಿನಿಂದ. ಬಂದೋರಿಗೆಲ್ಲ ಹೇಳಿ ಹೇಳಿ ಬಾಯಿಪಾಠ ಆಗಿದೆ ನಂಗೆ."

"ಅಲ್ಲಿ ಬರೆದಿರೋದು ಸುಳ್ಳು ಕಣಮ್ಮ. ಇದು ಇವರ ಅಡುಗೆ. ಇವರ ಹೆಸರು ಪಾಪತಿ. ಸುಳ್ಳು ಬರೆದವಳು ನಾನೇ."

"ಸುಮ್ನಿರಿ ಮೇಡಂ, ತಮಾಷೆ ಮಾಡ್ಬೇಡಿ. ನಮ್ಮತ್ತೆನೂ ಹಿಂಗೇ ಮಾಡ್ತಿದ್ರು, ಬೆಲ್ಲ ಹಾಕಿ."

ಆಕೆ ಇನ್ನಷ್ಟು ಹುರುಳಿ ತರಲು ಒಳಗೆ ಹೋದಳು. ಪಾಪತಕ್ಕ ನನ್ನನ್ನು ನೋಡಲಿಲ್ಲ. ಚೀಲದಿಂದ ಬಾಳೆಹಣ್ಣನ್ನೂ ಹೂವನ್ನೂ ತೆಗೆದು ಖಾನಾವಳಿಯ ಹೆಂಗಸಿಗೆಂದು ಬೆಂಚಿನ ಮೇಲೆ ಇಟ್ಟಳು. ಆಮೇಲೆ ಎಲೆ ಹತ್ತಿರಕ್ಕೆ ಎಳೆದುಕೊಂಡು, ಒಂದು ಅಗುಳೂ ಬಿಡದೆ, ಬೆಲ್ಲದ ಸಮೇತ ಎಲ್ಲವನ್ನೂ ಉಂಡಳು.